ಚೋಮನ ದುಡಿಯನ್ನು ಎಣಿಕೆಗೆ ತರುವುದು: ಬಿ.ವಿ. ಕಾರಂತರ ಚಿತ್ರಸಂಗೀತದ ಶ್ರೇಯಾಂಕ ಕುರಿತು ಒಂದು ತಕರಾರು

ಬಿ.ವಿ. ಕಾರಂತರ ಸಂಗೀತವನ್ನು ಮತ್ತೆ ಕೇಳಿ ಮೇಲುಕೀಳು ಹೇಳುವವರು ಸಾಮಾನ್ಯವಾಗಿ ಒಂದೇ ಕ್ರಮ ಹಿಡಿಯುತ್ತಾರೆ. ಮೊದಲಿಗೆ ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನಾಟಕಗಳ ರಂಗಗೀತೆಗಳು. ಆಮೇಲೆ ‘ಹಂಸಗೀತೆ’, ರಾಷ್ಟ್ರಪ್ರಶಸ್ತಿಯ ಬಲದಿಂದ ‘ಋಷ್ಯಶೃಂಗ’, ‘ಘಟಶ್ರಾದ್ಧ’. ‘ಚೋಮನ ದುಡಿ’ ಕೊನೆಗೆ, ಅದೂ ನೆನಪಾದರೆ. ಈ ಕ್ರಮ ತಪ್ಪು. ತಪ್ಪಿನ ಬೇರು ಅಭಿರುಚಿಯಲ್ಲಿಲ್ಲ, ಆಧಾರವನ್ನು ಓದುವ ರೀತಿಯಲ್ಲಿದೆ.

ಆಧಾರವಾಗಿ ಎಲ್ಲರೂ ಮುಂದಿಡುವುದು ಪ್ರಶಸ್ತಿಗಳ ಪಟ್ಟಿಯನ್ನು. 1975ರ ಚಿತ್ರಗಳ ಸಾಲಿನಲ್ಲಿ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು, ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸಂಗೀತದ ಪ್ರಶಸ್ತಿ ಮಾತ್ರ ಅಸ್ಸಾಮಿಯ ‘ಚಮೇಲಿ ಮೇಮ್‌ಸಾಬ್’ ಚಿತ್ರಕ್ಕಾಗಿ ಭೂಪೇನ್ ಹಜಾರಿಕಾರಿಗೆ ಹೋಯಿತು. ಮುಂದಿನ ಎರಡು ಸಾಲುಗಳಲ್ಲಿ ಅದೇ ಪ್ರಶಸ್ತಿ ಕಾರಂತರಿಗೆ ಸಂದಿತು: 1976ಕ್ಕೆ ‘ಋಷ್ಯಶೃಂಗ’, 1977ಕ್ಕೆ ‘ಘಟಶ್ರಾದ್ಧ’. ಇದರಿಂದ ನಮ್ಮವರು ತೆಗೆದ ತೀರ್ಮಾನ ಸರಳ: 1975ರಲ್ಲಿ ಕಾರಂತರ ಚಿತ್ರಸಂಗೀತ ಇನ್ನೂ ಪಕ್ವವಾಗಿರಲಿಲ್ಲ, ಎರಡೇ ವರ್ಷಗಳಲ್ಲಿ ಮಾಗಿತು. (ಹಜಾರಿಕಾರ ಯೋಗ್ಯತೆಯ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ಪ್ರಶ್ನೆ ಅದಲ್ಲ.) ಸಂಗೀತಗಾರ ಬೆಳೆದನೆಂದು ಇಷ್ಟು ಸಲೀಸಾಗಿ ಒಪ್ಪುವವರು ಕೇಳುಗರ ಕಿವಿಯೂ ಬೆಳೆದಿರಬಹುದೆಂಬ ಸಾಧ್ಯತೆಯನ್ನು ಯಾಕೆ ಪರಿಶೀಲಿಸಲಿಲ್ಲ? 1973ರ ‘ಕಾಡು’ ಚಿತ್ರಕ್ಕೆ ಸಂಗೀತ ಕೊಟ್ಟಿದ್ದವರೂ ಕಾರಂತರೇ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ಮುಂದೆ ಬನಾರಸ್‌ನಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತ ಮನುಷ್ಯ ನಲವತ್ತಾರನೆಯ ವಯಸ್ಸಿನಲ್ಲಿ ಅಪಕ್ವನಾಗಿದ್ದನೆಂಬುದು ನಂಬತಕ್ಕ ಮಾತಲ್ಲ.

ಈಗ ದುಡಿಯ, ಅಂದರೆ ಚಿತ್ರಕ್ಕೆ ಹೆಸರು ಕೊಟ್ಟ ಚರ್ಮವಾದ್ಯದ, ಪ್ರಶ್ನೆಗೆ ಬರೋಣ. ಇಡೀ ತಕರಾರು ನಿಂತಿರುವುದು ಅದರ ಮೇಲೆ.

ಹಿಂದಿನ ವಿಮರ್ಶೆ ದುಡಿಯನ್ನು ಎರಡು ಬಗೆಯಾಗಿ ಓದಿದೆ. ಒಂದು ಓದಿನಲ್ಲಿ ಅದು ಕಥೆಯೊಳಗಿನ ವಸ್ತು: ಕಥಾನಾಯಕ ಚೋಮನ ಕೈಯಲ್ಲಿದೆ, ಅವನು ಬಾರಿಸುತ್ತಾನೆ, ಆದ್ದರಿಂದ ಅದು ನಟನ ಲೆಕ್ಕಕ್ಕೆ ಸೇರಿದ್ದೇ ಹೊರತು ಸಂಗೀತ ನಿರ್ದೇಶಕನ ಲೆಕ್ಕಕ್ಕಲ್ಲ. ಇನ್ನೊಂದು ಓದಿನಲ್ಲಿ ಅದು ಸಂಕೇತ: ಪ್ರತಿಭಟನೆ, ಒಡಲ ಸಂಕಟ, ಶೋಷಿತನ ದನಿ. ಎರಡನೆಯದು ಕೇಳಲು ಘನವಾಗಿದೆ, ಆದರೆ ಮೊದಲನೆಯದರಷ್ಟೇ ಕಿವುಡು. ದುಡಿ ಯಾವುದನ್ನು ಸೂಚಿಸುತ್ತದೆಂದು ಪುಟಗಟ್ಟಲೆ ಬರೆದವರು ಅದು ಯಾವ ಲಯದಲ್ಲಿ ನುಡಿಯುತ್ತದೆ, ಎಲ್ಲಿ ಬಿಗಿಯಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದರ ಬಗ್ಗೆ ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ.

ಚಿತ್ರಕ್ಕೆ ಮೂಲವಾದ ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿ ಈ ತೊಡಕಿರಲಿಲ್ಲ. ಪುಟದ ಮೇಲಿನ ದುಡಿಗೆ ಸದ್ದು ಕೊಡುವವನು ಓದುಗ. ತೆರೆಯ ಮೇಲೆ ಹಾಗಾಗದು. ಯಾರೋ ಒಬ್ಬರು ಒಂದು ನಾದವನ್ನು ಆರಿಸಬೇಕು, ಒಂದು ನಡೆಯನ್ನು ಗೊತ್ತುಮಾಡಬೇಕು, ಮೌನದ ಜಾಗಗಳನ್ನು ಕಾಯ್ದಿರಿಸಬೇಕು. ಈ ಚಿತ್ರದ ನಿರ್ದೇಶಕರೂ ಸಂಗೀತ ನಿರ್ದೇಶಕರೂ ಒಬ್ಬರೇ, ಬಿ.ವಿ. ಕಾರಂತರು. ಅಂದಮೇಲೆ ಕಥೆಯೊಳಗಿನ ಸದ್ದು, ಹಿನ್ನೆಲೆಯ ಸದ್ದು ಎಂದು ಎರಡು ಖಾತೆ ತೆರೆಯುವುದೇ ಕೃತಕ. ಅಸ್ಪೃಶ್ಯನಾದ ಚೋಮನ ಮಕ್ಕಳಲ್ಲಿ ಚನಿಯ ಜ್ವರದಲ್ಲಿ ಸಾಯುತ್ತಾನೆ, ಗುರುವ ಮತಾಂತರವಾಗಿ ಕೈಬಿಟ್ಟು ಹೋಗುತ್ತಾನೆ, ನೀಲ ನೀರುಪಾಲಾಗುವಾಗ ಮುಟ್ಟಿ ಎತ್ತುವವರಿಲ್ಲ. ಇಷ್ಟೆಲ್ಲ ಆದಮೇಲೂ ಚೋಮನಿಗೆ ತನ್ನದೆಂದು ಉಳಿಯುವುದು ದುಡಿ. ಉಳುವ ಹಕ್ಕೇ ಇಲ್ಲದವನು ಕೊನೆಗೆ ಎತ್ತುಗಳನ್ನು ಅಟ್ಟುತ್ತಾನೆ, ನೇಗಿಲು ಮುರಿಯುತ್ತಾನೆ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಬಾಗಿಲು ಮುಚ್ಚಿದ ಮೇಲೆ ಅವನು ಬದುಕಿದ್ದಾನೆಂಬುದಕ್ಕೆ ಹೊರಗಿನವರಿಗೆ ಇರುವ ಸಾಕ್ಷಿ ಆ ಸದ್ದೊಂದೇ. ಆ ಸದ್ದು ನಿಂತದ್ದೇ ಸಾವಿನ ಸುದ್ದಿ. ಕಥೆಯ ಇಷ್ಟು ಭಾರವನ್ನು ಒಂದು ಚರ್ಮವಾದ್ಯದ ಮೇಲೆ ಹೊರಿಸಿ ನಿಭಾಯಿಸಿದ್ದು ಸಂಗೀತವಲ್ಲದಿದ್ದರೆ ಇನ್ನೇನು?

ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಬೆಟ್ಟ ಹತ್ತಿ ಉಚ್ಚಂಗಮ್ಮನ ಜಾತ್ರೆಯಲ್ಲಿ ಚೌಡಿಕೆ ಕೇಳಿದವರ ಪೈಕಿ ನಾನೂ ಒಬ್ಬ. ಟೊಳ್ಳು ಕೊಳಗ, ತಳಕ್ಕೆ ಬಿಗಿದ ಚರ್ಮ, ಅದರ ನಡುವಿನಿಂದ ಹೊರಟ ಒಂದೇ ತಂತಿ. ತಂತಿಯನ್ನು ಎಳೆದು ಸಡಿಲಿಸಿದಂತೆ ಸ್ವರ ಏರಿಳಿಯುತ್ತದೆ, ಮೀಟಿದ ಪೆಟ್ಟೇ ತಾಳವಾಗುತ್ತದೆ. ಅಲ್ಲಿ ಶ್ರುತಿ, ಲಯ, ಕಥೆ ಹೇಳುವ ಜೋಗತಿಯ ಉಸಿರು ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಹಾಡು ಮುಂದೆ, ವಾದ್ಯ ಹಿಂದೆ ಎಂಬ ವಿಂಗಡಣೆಯನ್ನು ಆ ಮೇಳದ ಮುಂದೆ ಹೇಳಿದರೆ ಅರ್ಥವೇ ಆಗದು. (ಆ ಬೆಟ್ಟದ ಮೇಲೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಕ್ರೌರ್ಯವನ್ನು ಮರೆತು ಚೌಡಿಕೆಯನ್ನು ಹೊಗಳುವವರ ಜೊತೆ ನನ್ನನ್ನು ಸೇರಿಸಬಾರದು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆ ಬರಬೇಕಾದದ್ದೇ, ಇನ್ನೂ ಮೊದಲೇ ಬರಬೇಕಿತ್ತು.) ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ಅವರ ಬದುಕನ್ನು ಬರೆದವು, ಸರಿಯೇ. ಅವರ ಮೇಳದ ನಾದದ ಬಗ್ಗೆ ಬರೆದವರು ವಿರಳ. ಕರಾವಳಿಯ ದುಡಿಗೆ ಆದದ್ದೇ ನಮ್ಮ ಚೌಡಿಕೆಗೂ ಆಗಿದೆ.

ಇದೇ ಸೀಮೆಯ ಅಭಿಮಾನ ‘ಹಂಸಗೀತೆ’ಯನ್ನು ಮೇಲಕ್ಕೇರಿಸಿದೆ. ಚಿತ್ರದುರ್ಗ ನಮ್ಮ ನೆರೆಯ ದುರ್ಗ, ಅದರ ಮೂಲ ಕಾದಂಬರಿ ಬರೆದ ತ.ರಾ.ಸು. ನಮ್ಮವರು. ಆದರೆ ಆ ಚಿತ್ರದ ಗಾಯನದ ಕೀರ್ತಿ ಬಾಲಮುರಳಿಕೃಷ್ಣರದು. ರಾಷ್ಟ್ರಪ್ರಶಸ್ತಿಯೂ ಅವರ ಕಂಠಕ್ಕೇ ಸಂದದ್ದು. ಸಂಗೀತಗಾರನ ಕಥೆಯಿರುವ ಚಿತ್ರದಲ್ಲಿ ಸಂಗೀತ ಎಲ್ಲರಿಗೂ ಕೇಳಿಸುತ್ತದೆ. ಅದನ್ನು ಕಾರಂತರ ಶಿಖರವೆನ್ನುವುದು ಇಬ್ಬರಿಗೂ ಅನ್ಯಾಯ.

ಹಾಡಿಲ್ಲದ ಸಂಗೀತವನ್ನು ಎಣಿಕೆಗೆ ತರುವ ಬಗೆಗೆ ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ರಾಕ್ ವಾದ್ಯಗಳನ್ನೇ ಹಿಡಿದು, ಹಾಡಿನ ಚೌಕಟ್ಟು ಬಿಟ್ಟು, ನಾದದ ಬಣ್ಣ ಮತ್ತು ನೇಯ್ಗೆಯನ್ನೇ ಮುಖ್ಯವಾಗಿಸಿಕೊಂಡ ತಂಡಗಳಿಗೆ 1994ರಲ್ಲಿ ವಿಮರ್ಶಕ ಸೈಮನ್ ರೆನಾಲ್ಡ್ಸ್ ‘ಪೋಸ್ಟ್-ರಾಕ್’ ಎಂಬ ಹೆಸರನ್ನು ಚಲಾವಣೆಗೆ ತಂದರು. ಸ್ಕಾಟ್ಲೆಂಡಿನ ಮೊಗ್ವಾಯ್ ತಂಡ 2006ರಲ್ಲಿ ಫುಟ್‌ಬಾಲ್ ಆಟಗಾರ ಜಿದಾನ್ ಕುರಿತ ಚಿತ್ರಕ್ಕೂ ಆಮೇಲೆ ಫ್ರಾನ್ಸಿನ ಟಿವಿ ಸರಣಿಯೊಂದಕ್ಕೂ ಸಂಗೀತ ಕೊಟ್ಟಿತು. ಅಭಿಮಾನಿಗಳು ಆ ತಂಡದ ಆಲ್ಬಮ್‌ಗಳಿಗೆ ಅಂಕ ಕೊಡಲು ಕೂತಾಗ ಅವೂ ಎಣಿಕೆಗೆ ಬರುತ್ತವೆ. ಎಷ್ಟನೆಯ ಸ್ಥಾನವೆಂದು ಜಗಳವಾಡಿದರೂ, ಹಾಡಿಲ್ಲವೆಂಬ ಕಾರಣಕ್ಕೆ ಯಾರೂ ಅವನ್ನು ಹೊರಗಿಡುವುದಿಲ್ಲ. ನಮ್ಮ ವಿದ್ವಾಂಸರಿಂದ ನಾನು ನಿರೀಕ್ಷಿಸುವುದು ಅಷ್ಟೇ ಸೌಜನ್ಯ.

ಹಾಡಿಲ್ಲದ ಸದ್ದೂ ಸಂಗೀತವೇ ಎಂಬುದನ್ನು ಬಂಗಾಳಿ ನಿರ್ದೇಶಕ ಮೃಣಾಲ್ ಸೇನ್ ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ‘ಪರಶುರಾಮ್’, ‘ಏಕ್ ದಿನ್ ಪ್ರತಿದಿನ್’, 1982ರ ‘ಖಾರಿಜ್’ ಚಿತ್ರಗಳಿಗೆ ಅವರು ಕಾರಂತರನ್ನು ಕರೆಸಿಕೊಂಡರು. ಕೆಲಸದ ಹುಡುಗ ಅಡುಗೆಮನೆಯ ವಿಷಗಾಳಿಗೆ ಸಿಕ್ಕಿ ಸತ್ತ ಮನೆಯ ಕಥೆಗೆ ಇಂಪಾದ ಹಾಡು ಬೇಕೆಂದು ಯಾರೂ ಕಾರಂತರನ್ನು ಕಲಕತ್ತೆಗೆ ಕರೆಸುವುದಿಲ್ಲ. ರಂಗಸಂಗೀತದ ಬಾಲವಾಗಿ ಚಿತ್ರಸಂಗೀತವನ್ನು ನೋಡುವವರ ಬಳಿ ಈ ಮೂರು ಚಿತ್ರಗಳಿಗೆ ಉತ್ತರವಿಲ್ಲ.

ನನ್ನ ಕ್ರಮ ಇದು: ‘ಚೋಮನ ದುಡಿ’ ಮೊದಲು, ಅದರ ಹಿಂದೆಯೇ ‘ಘಟಶ್ರಾದ್ಧ’, ಆಮೇಲೆ ‘ಖಾರಿಜ್’ ಮತ್ತು ‘ಕಾಡು’. ‘ಋಷ್ಯಶೃಂಗ’ದ ಸ್ಥಾನದ ಬಗ್ಗೆ ವಾದಕ್ಕೆ ಸಿದ್ಧನಿದ್ದೇನೆ, ಮೊದಲನೆಯದರ ಬಗ್ಗೆ ಇಲ್ಲ. ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ‘ಚೋಮನ ದುಡಿ’ಯನ್ನು ಕಾಪಿಡುವ ಕೆಲಸದಲ್ಲಿ ತೊಡಗುವವರು ಚಿತ್ರಿಕೆಗಳಿಗೆ ಕೊಡುವ ಆರೈಕೆಯನ್ನೇ ಅದರ ಧ್ವನಿಗೂ ಕೊಡಬೇಕು, ಆ ಧ್ವನಿಯನ್ನು ಪ್ರತ್ಯೇಕವಾಗಿ ಕೇಳುಗರ ಕೈಗೆ ತಲುಪಿಸಬೇಕು.