ಚೀಟಿಯ ಮೇಲಿನ ಕಾವಲು: ಶಮನಕಾರಿ ಔಷಧಗಳ ದುರ್ಬಳಕೆ, ಯುವಜನರು ಮತ್ತು ಮಲೆನಾಡಿನ ಒಂದು ಕೂಡುರಸ್ತೆ

ಆಲ್‌ಪ್ರಜೊಲಾಮ್, ಡಯಾಜೆಪಾಮ್, ನೈಟ್ರಜೆಪಾಮ್ ಮೊದಲಾದ ಬೆಂಜೊಡಯಜೆಪೈನ್ ವರ್ಗದ ಔಷಧಗಳು ಮಿದುಳಿನ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ; ಆತಂಕ, ನಿದ್ರಾಹೀನತೆ, ಅಪಸ್ಮಾರಗಳಲ್ಲಿ ಉಪಕಾರಿಯಾದ ಇವು ಜನರ ಮಾತಿನಲ್ಲಿ ‘ನಿದ್ದೆ ಮಾತ್ರೆ’ಗಳೆಂಬ ಒಂದೇ ಹೆಸರಿನಲ್ಲಿ ಸೇರಿಹೋಗಿವೆ. ವಾರಗಟ್ಟಲೆ ಸೇವಿಸಿದರೆ ದೇಹ ಇವಕ್ಕೆ ಒಗ್ಗಿಕೊಳ್ಳುತ್ತದೆ, ಮದ್ಯ ಅಥವಾ ಅಫೀಮು ಜಾತಿಯ ನೋವುನಿವಾರಕಗಳ ಜೊತೆ ಸೇರಿದಾಗ ಉಸಿರಾಟವೇ ಕುಗ್ಗಬಹುದು. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ, 10ರಿಂದ 75 ವರ್ಷದವರಲ್ಲಿ ಶೇ. 1.08ರಷ್ಟು, ಅಂದರೆ ಸುಮಾರು 1.18 ಕೋಟಿ ಜನ ಶಮನಕಾರಿಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುತ್ತಿದ್ದರು.

ಈ ಔಷಧಗಳ ಮಾರಾಟದ ಮೇಲಿನ ಮುಖ್ಯ ನಿಗಾ 1945ರ ಔಷಧ ನಿಯಮಗಳಲ್ಲಿದೆ. ಅವುಗಳಿಗೆ 2013ರಲ್ಲಿ ಸೇರಿಸಿ 2014ರ ಮಾರ್ಚ್ 1ರಿಂದ ಜಾರಿಗೆ ತಂದ ‘ಅನುಸೂಚಿ ಎಚ್-1’ ಎಂಬ ಪಟ್ಟಿಯು ಕೆಲವು ಪ್ರತಿಜೀವಕಗಳೊಂದಿಗೆ ಆಲ್‌ಪ್ರಜೊಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್‌ಗಳನ್ನೂ ಒಳಗೊಂಡಿದೆ. ಈ ಪಟ್ಟಿಯ ಔಷಧವನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಹಾಗೂ ಪ್ರಮಾಣವನ್ನು ಮೆಡಿಕಲ್ ಶಾಪಿನವರು ಪ್ರತ್ಯೇಕ ವಹಿಯಲ್ಲಿ ಬರೆದು, ಅದನ್ನು ಮೂರು ವರ್ಷ ತಪಾಸಣೆಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಈ ವಹಿ ರೋಗಿಯ ವಯಸ್ಸನ್ನು ಕೇಳುವುದಿಲ್ಲ. ಮಗುವಿಗೆ ವೈದ್ಯರ ಆದೇಶವಿಲ್ಲದೆ ಮನೋಪರಿಣಾಮಿ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮು ಏಳು ವರ್ಷಗಳವರೆಗಿನ ಕಠಿಣ ಸಜೆಯನ್ನು ವಿಧಿಸುತ್ತದೆಯಾದರೂ, ಕೊಂಡವರು ಹದಿನಾರರವರೋ ಅರವತ್ತರವರೋ ಎಂಬುದನ್ನು ವಹಿಯ ಸಾಲಿನಿಂದ ತಿಳಿಯುವಂತಿಲ್ಲ.

ಎರಡನೆಯ ಕೊರತೆ ವಹಿಯ ವ್ಯಾಪ್ತಿಯದು. ಅದನ್ನು ವಿವರಿಸಲು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವನ್ನು ಇಲ್ಲಿ ಆರಿಸಿಕೊಂಡಿರುವುದು ಅದು ದುರ್ಬಳಕೆಯ ತಾಣವೆಂದಲ್ಲ, ಅದರ ಭೂಗೋಳ ಈ ಪ್ರಶ್ನೆಯನ್ನು ಸ್ಪಷ್ಟಪಡಿಸುತ್ತದೆ ಎಂಬ ಕಾರಣಕ್ಕೆ. ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಈ ಊರಿನಿಂದ ಒಂದು ರಸ್ತೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿಗೆ ಇಳಿದರೆ, ಒಂದು ಮೂಡಿಗೆರೆಯ ಕಡೆಗೂ ಮತ್ತೊಂದು ಕಳಸ, ಹೊರನಾಡುಗಳ ಕಡೆಗೂ ಸಾಗುತ್ತದೆ. ಒಂದೇ ದಿನದಲ್ಲಿ ಇಬ್ಬರು ವೈದ್ಯರಿಂದ ಚೀಟಿ ಪಡೆದು, ಬೇರೆ ಬೇರೆ ಜಿಲ್ಲೆಗಳ ಅಂಗಡಿಗಳಲ್ಲಿ ಮಾತ್ರೆ ಕೊಂಡವರು ಎರಡು ವಹಿಗಳಲ್ಲೂ ನಿಯಮಬದ್ಧ ಗಿರಾಕಿಯಾಗಿಯೇ ಉಳಿಯುತ್ತಾರೆ, ಏಕೆಂದರೆ ಒಂದು ವಹಿಯ ಬರಹ ಇನ್ನೊಂದಕ್ಕೆ ತಿಳಿಯುವುದಿಲ್ಲ. ಪ್ರಸ್ತುತ ವ್ಯವಸ್ಥೆ ಮಾರಾಟವನ್ನು ದಾಖಲಿಸುತ್ತದೆಯೇ ಹೊರತು ವ್ಯಕ್ತಿಯ ಸೇವನೆಯನ್ನಲ್ಲ.

ಹಾಗೆಂದು ಬಿಗಿಯಾದ ನಿಗಾ ಒಂದೇ ಪರಿಹಾರವೆಂದು ಹೇಳಲಾಗದು. ಅಮೆರಿಕದ ನ್ಯೂಯಾರ್ಕ್ ರಾಜ್ಯವು 1989ರಲ್ಲಿ ಬೆಂಜೊಡಯಜೆಪೈನ್‌ಗಳಿಗೆ ಮೂರು ಪ್ರತಿಗಳ ಸರ್ಕಾರಿ ಚೀಟಿಯನ್ನು ಕಡ್ಡಾಯಗೊಳಿಸಿ, ಒಂದು ಪ್ರತಿ ಸರ್ಕಾರಕ್ಕೇ ತಲುಪುವಂತೆ ಮಾಡಿದಾಗ ಅವುಗಳ ಬಳಕೆ ಗಣನೀಯವಾಗಿ ಇಳಿಯಿತು. ಆದರೆ ಅವುಗಳಿಗಿಂತ ಹಳೆಯವೂ ಕಡಿಮೆ ಸುರಕ್ಷಿತವೂ ಆದ ಮೆಪ್ರೊಬಮೇಟ್, ಕ್ಲೋರಲ್ ಹೈಡ್ರೇಟ್‌ಗಳ ಬಳಕೆ ಏರಿತು, ನಿಜಕ್ಕೂ ಅಗತ್ಯವಿದ್ದ ರೋಗಿಗಳಲ್ಲಿ ಹಲವರು ಚಿಕಿತ್ಸೆಯನ್ನು ಕಳೆದುಕೊಂಡರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2020ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದ ‘ಸೇಫ್‌ಸ್ಕ್ರಿಪ್ಟ್’ ಎಂಬ ಗಣಕ ವ್ಯವಸ್ಥೆಯು ಬೆಂಜೊಡಯಜೆಪೈನ್‌ಗಳೆಲ್ಲವನ್ನೂ ಒಟ್ಟಾಗಿ ಗಮನಿಸಿ, ಚೀಟಿ ಬರೆಯುವ ಹೊತ್ತಿಗೇ ರೋಗಿಯ ಹಿಂದಿನ ದಾಖಲೆಯನ್ನು ವೈದ್ಯರ ಮುಂದಿಡುವುದರಿಂದ, ಒಂದು ಮಾತ್ರೆಯನ್ನು ತಡೆದಾಗ ಅದೇ ವರ್ಗದ ಇನ್ನೊಂದಕ್ಕೆ ಜಾರುವುದು ಕಣ್ಣಿಗೆ ಬೀಳುತ್ತದೆ.

ಕೊಟ್ಟಿಗೆಹಾರದ ಸುತ್ತಲಿನ ಕಾಫಿ ಸೀಮೆಯಲ್ಲಿ ನ್ಯೂಯಾರ್ಕಿನ ಪಾಠಕ್ಕೆ ಇನ್ನಷ್ಟು ತೂಕವಿದೆ. ದೀರ್ಘಕಾಲ ಸೇವಿಸಿದ ಬೆಂಜೊಡಯಜೆಪೈನನ್ನು ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದರಿಂದ, ಪ್ರಮಾಣವನ್ನು ವಾರಗಳ ಕಾಲ ಹಂತಹಂತವಾಗಿ ಇಳಿಸಬೇಕಾಗುತ್ತದೆ. ಆದರೆ ಚೀಟಿಯನ್ನು ನವೀಕರಿಸಲು ತೋಟದ ಕೂಲಿಯವರು ಒಂದು ದಿನದ ಸಂಬಳ ಬಿಟ್ಟು ಪೇಟೆಗೆ ಹೋಗಬೇಕು, 2019ರ ಆಗಸ್ಟ್‌ನಲ್ಲಾದಂತೆ ಗುಡ್ಡ ಕುಸಿದು ಚಾರ್ಮಾಡಿ ಬಂದಾದರೆ ಘಾಟಿಯ ಕೆಳಗಿನ ಆಸ್ಪತ್ರೆಗಳ ದಾರಿಯೇ ಇಲ್ಲವಾಗುತ್ತದೆ. ಅಂಗಡಿಯಲ್ಲಿ ‘ಇಲ್ಲ’ ಎಂದು ಹೇಳಿಸುವ ಕಾನೂನು, ಆ ಉತ್ತರ ಪಡೆದ ಹುಡುಗ ಅಥವಾ ಹುಡುಗಿ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ರೂಪಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಮಾದರಿ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಮತ್ತು 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ (14416) ಇದಕ್ಕೆ ಆಧಾರವಾಗಬಲ್ಲವು.

ಆದ್ದರಿಂದ ಎಚ್-1 ವಹಿಯಲ್ಲಿ ವಯಸ್ಸು ಹಾಗೂ ರೋಗಿಯ ವಿಳಾಸಕ್ಕೆ ಅಂಕಣಗಳನ್ನು ಸೇರಿಸುವುದು, ಅದನ್ನು ಜಿಲ್ಲೆಯ ಗಡಿ ದಾಟಿ ಜೋಡಿಸುವುದು, ರೋಗಿಯ ಗೋಪ್ಯತೆ ಉಳಿಯುವಂತೆ ಆ ಮಾಹಿತಿಯನ್ನು ಪೊಲೀಸರಿಗಿಂತ ಮೊದಲು ಚಿಕಿತ್ಸಕರ ಕೈಗೆ ಕೊಡುವುದು ಒಂದೇ ನೀತಿಯ ಭಾಗಗಳಾಗಬೇಕು. ಅಂತಹ ನೀತಿಯ ಫಲವನ್ನು ಮಾರಾಟದ ಇಳಿಕೆಯಿಂದ ಮಾತ್ರ ಅಳೆಯಲಾಗದು; ಪತ್ತೆಯಾದ ಯುವಜನರಲ್ಲಿ ಎಷ್ಟು ಮಂದಿ ತಮ್ಮ ತಾಲ್ಲೂಕಿನಲ್ಲೇ ಚಿಕಿತ್ಸೆ ಪಡೆದು ಸುರಕ್ಷಿತವಾಗಿ ಮಾತ್ರೆ ಬಿಟ್ಟರು ಎಂಬುದನ್ನೂ ಅದರ ಅಳತೆಗೋಲಿನಲ್ಲಿ ಸೇರಿಸಬೇಕು.