ಮುಂಬಯಿಯ ಗಾಳಿಪಟ ಮತ್ತು ಪ್ರಾಣಿದಯೆ

ಮಕರ ಸಂಕ್ರಾಂತಿ ಬಂತೆಂದರೆ ಹಳೇ ಮೈಸೂರಿನ ಸೀಮೆಯಲ್ಲಿ ದನಕರುಗಳಿಗೆ ಸಂಭ್ರಮ. ಎತ್ತು-ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವಿನ ಸರ ಹಾಕಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಎತ್ತುಗಳಿಗೆ ಈ ಮರ್ಯಾದೆ ಸಲ್ಲುವುದು ಕಾರಹುಣ್ಣಿಮೆಯಂದು. ದಕ್ಷಿಣ ಕನ್ನಡದಲ್ಲಿ ದೀಪಾವಳಿಯ ಗೋಪೂಜೆಯಂದು. ಮುಂಬಯಿಗೆ ಬಂದು ನೆಲಸಿದ ನಮಗೆ ಎತ್ತೆಲ್ಲಿ, ಕಿಚ್ಚೆಲ್ಲಿ? ಎಳ್ಳು ಬೆಲ್ಲ ಹಂಚಿ, ನೆರೆಮನೆಯ ಮರಾಠಿ ಬಾಂಧವರು ಕೊಟ್ಟ ತಿಳಗುಳ ಸವಿದರೆ ದೊಡ್ಡವರ ಹಬ್ಬ ಮುಗಿಯಿತು. ಮಕ್ಕಳ ಹಬ್ಬ ಮಾತ್ರ ತಾರಸಿಯ ಮೇಲೆ ಆಗ ತಾನೇ ಆರಂಭವಾಗಿರುತ್ತದೆ. ಇಲ್ಲಿಯ ಸಂಕ್ರಾಂತಿ ಗಾಳಿಪಟದ ಹಬ್ಬ.

ಗಾಳಿಪಟ ನಮಗೆ ಹೊಸದೇನಲ್ಲ. ಬೆಂಗಳೂರು, ದೊಡ್ಡಬಳ್ಳಾಪುರದ ಕಡೆ ಆಷಾಢದ ಗಾಳಿಗೆ ಬಾಲಂಗೋಚಿ ಕಟ್ಟಿದ ಪಟಗಳು ಏರುವುದನ್ನು ನಮ್ಮಲ್ಲಿ ಅನೇಕರು ಕಂಡವರೇ. ಊರಲ್ಲಿ ಆಷಾಢಕ್ಕೆ ಏರಿದ್ದು ಇಲ್ಲಿ ಪುಷ್ಯ ಮಾಸಕ್ಕೆ ಏಕೆ ಏರುತ್ತದೆ? ಕಾರಣ ಸರಳವಾಗಿದೆ. ಆಷಾಢದಲ್ಲಿ ಮುಂಬಯಿಯ ಮೇಲೆ ಸುರಿಯುವ ಮಳೆಗೆ ಕಾಗದದ ಪಟ ನಿಲ್ಲಲಾರದು. ಅದೇ ಮುಂಗಾರು ಮಾರುತ ಘಟ್ಟದ ಪಶ್ಚಿಮಕ್ಕೇ ತನ್ನ ನೀರನ್ನೆಲ್ಲ ಸುರಿದು, ಬಯಲುಸೀಮೆಗೆ ಬರುವಾಗ ಬಹುಪಾಲು ಒಣಗಾಳಿಯಾಗಿರುತ್ತದೆ. ಮುಂಬಯಿಗೆ ಜನವರಿಯಲ್ಲಿ ತಿಳಿಯಾದ ಆಕಾಶ. ಬೆಳಗ್ಗೆ ನೆಲದ ಕಡೆಯಿಂದ ಮಂದವಾದ ಗಾಳಿ; ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದಿಂದ ಬರುವ ಗಾಳಿ. ಅದು ತಿರುಗಲೆಂದೇ ಹುಡುಗರು ಕಾದಿರುತ್ತಾರೆ.

ಪಟದ ಮೂಲ ಚೀನಾ ದೇಶವೆಂದು ಇತಿಹಾಸಕಾರರ ಅಭಿಪ್ರಾಯ. ಮೊಗಲರ ಕಾಲದ ಚಿಕಣಿ ಚಿತ್ರಗಳಲ್ಲಿ ಪಟ ಹಾರಿಸುವವರನ್ನು ಕಾಣಬಹುದು. ವ್ಯಾಪಾರಕ್ಕೆಂದು ಮುಂಬಯಿಗೆ ಬಂದ ಗುಜರಾತಿಗಳು ತಮ್ಮ ಉತ್ತರಾಯಣದ ಹಬ್ಬವನ್ನೂ ಜೊತೆಗೆ ತಂದರು. ಭುಲೇಶ್ವರ, ಕಾಳಬಾದೇವಿಯ ಮಾಳಿಗೆಗಳಿಂದ ಅದು ಘಾಟ್‌ಕೋಪರ್, ಮಲಾಡ್, ಕಾಂದಿವಲಿಗಳಿಗೆ ಹರಡಿತು. ಡೋಂಗ್ರಿಯಲ್ಲಿ ಪಟ ಕಟ್ಟುವವರಲ್ಲಿ ಮುಸಲ್ಮಾನ ಕುಶಲಕರ್ಮಿಗಳು ಬಹಳ. ಹೀಗೆ ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಹಾರಿಸುವ ಹಬ್ಬ ಇದು. ಕತ್ತರಿಸಿದ ಪಟ ತೇಲಿ ಹೋಗುವಾಗ ಏಳುವ 'ಕಾಯ್ ಪೋ ಛೇ' ಎಂಬ ಕೂಗು ನಮ್ಮ ಮಕ್ಕಳ ಬಾಯಲ್ಲೂ ಸಲೀಸಾಗಿ ಹೊರಡುತ್ತದೆ.

ದಿನವಿಡೀ ಕಚೇರಿಯ ಕಡತಗಳ ನಡುವೆ ಕೂಡುವ ನಮಗೆ ಒಂದು ಸ್ವಾರಸ್ಯ ಹೇಳಬೇಕೆನಿಸುತ್ತದೆ. 1934ರ ವಿಮಾನ ಕಾಯಿದೆ 'ವಿಮಾನ' ಎಂಬ ಶಬ್ದಕ್ಕೆ ಕೊಟ್ಟ ಅರ್ಥವಿವರಣೆಯಲ್ಲಿ ಬಲೂನು, ಗ್ಲೈಡರುಗಳ ಜೊತೆಗೆ ಗಾಳಿಪಟವನ್ನೂ ಸೇರಿಸಿತ್ತು. ಶಾಸ್ತ್ರದೃಷ್ಟಿಯಿಂದ ಇದು ತಪ್ಪಲ್ಲ. ಓರೆಯಾಗಿ ನಿಂತ ಪಟ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಪ್ರತಿಯಾಗಿ ಗಾಳಿ ಪಟವನ್ನು ಮೇಲಕ್ಕೆತ್ತುತ್ತದೆ. ಆ ಓರೆಯನ್ನು ನಿರ್ಧರಿಸುವುದು ನಾವು ಕಟ್ಟುವ ಸೂತ್ರ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ನಿಸ್ತಂತು ಸಂಕೇತವನ್ನು ಹಿಡಿದದ್ದು ಗಾಳಿಪಟ ಎತ್ತಿ ನಿಲ್ಲಿಸಿದ ತಂತಿಯಿಂದ. ಮಕ್ಕಳಿಗೆ ಇಷ್ಟು ಹೇಳಿಕೊಟ್ಟರೆ ಆಟದ ಜೊತೆ ಪಾಠವೂ ಆಯಿತು.

ಇನ್ನು ಈ ನಗರದ ಮತ್ತೊಂದು ಪರಂಪರೆಗೆ ಬರೋಣ. ಹಣದ ಊರೆಂದು ಹೆಸರಾದ ಮುಂಬಯಿ ಒಮ್ಮೆ ಬೀದಿನಾಯಿಗಳಿಗಾಗಿ ಅಂಗಡಿ ಮುಚ್ಚಿತ್ತು! 1832ರಲ್ಲಿ ಕಂಪನಿ ಸರ್ಕಾರದ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದ್ದರು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಮನೆಯ ನಾಯಿಗಳೂ ಬಲಿಯಾದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಆ ವರ್ಷದ ಜೂನ್ 6ರಂದು ಬೀದಿಗಿಳಿದರು. ಜೈನರು, ಹಿಂದುಗಳು, ಮುಸಲ್ಮಾನರೂ ಸೇರಿಕೊಂಡರು. ವ್ಯವಹಾರ ಸ್ತಬ್ಧವಾಯಿತು. ಸರ್ಕಾರ ಸೈನ್ಯವನ್ನು ಕರೆಸಿ ಗಲಭೆಯನ್ನು ಅಡಗಿಸಿತು. ಆದರೆ ಪ್ರಶ್ನೆ ಅಡಗಲಿಲ್ಲ. 1834ರಲ್ಲಿ ಜೈನ ವರ್ತಕ ಮೋತಿಚಂದ್ ಅಮೀಚಂದ್ ಮತ್ತು ಪಾರ್ಸಿ ಶ್ರೀಮಂತ ಜಮ್‌ಸೇಟ್‌ಜಿ ಜೀಜೀಭಾಯ್ ಮುಂದಾಗಿ ಭುಲೇಶ್ವರದ ಬಳಿ ಪಾಂಜರಾಪೋಳ ಸ್ಥಾಪಿಸಿದರು. ಬಸ್ಸಿನಲ್ಲಿ ಕುಳಿತು ಚೆಂಬೂರಿನ 'ಪಾಂಜರಾಪೋಳ' ಎಂಬ ಸ್ಥಳವನ್ನು ದಿನಾ ದಾಟುವ ನಮ್ಮವರು ಆ ಹೆಸರಿನ ಹಿಂದೆ ಮುದಿ ದನ, ಅನಾಥ ಪ್ರಾಣಿಗಳ ಆಶ್ರಯದ ಕಥೆಯಿದೆಯೆಂದು ನೆನೆಯಬೇಕು.

ಆಶ್ರಯದ ಹಿಂದೆಯೇ ಚಿಕಿತ್ಸೆಯೂ ಬಂತು. 1874ರಲ್ಲಿ ಮುಂಬಯಿಯ ಪ್ರಾಣಿಹಿಂಸಾ ನಿವಾರಣ ಸಂಘ ಹುಟ್ಟಿತು. ಗಿರಣಿಗಳ ಒಡೆಯ ದಿನ್‌ಷಾ ಮಾಣೆಕ್‌ಜಿ ಪೇಟಿಟ್ ಅವರ ದಾನದಿಂದ 1883ರಲ್ಲಿ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ಸ್ಥಾಪನೆಯಾಯಿತು. ಅದಕ್ಕೆ ಅವರು ಪತ್ನಿ ಬಾಯಿ ಸಾಕರ್‌ಬಾಯಿಯ ಹೆಸರಿಟ್ಟರು. ಅದರ ಮಗ್ಗುಲಲ್ಲೇ 1886ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಟ್ರಾಮು ಎಳೆದ ಕುದುರೆ, ಹತ್ತಿಯ ಗಾಡಿ ಎಳೆದ ಎತ್ತು ಇವುಗಳ ಬೆವರಿನ ಮೇಲೆ ನಿಂತ ನಗರ ತನ್ನ ಋಣದ ಸ್ವಲ್ಪ ಭಾಗವನ್ನು ಹೀಗೆ ತೀರಿಸಿತು. ದೇಶಕ್ಕೆಲ್ಲ ಅನ್ವಯಿಸುವ ಪ್ರಾಣಿಹಿಂಸಾ ನಿವಾರಣ ಕಾಯಿದೆ ಬಂದದ್ದು 1960ರಲ್ಲಿ. ಅದರ ಹಿಂದೆ ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ದುಡಿದವರು ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್.

ಕನ್ನಡಿಗರು ಈ ವಿಷಯದಲ್ಲಿ ಯಾರಿಗೂ ಕಡಿಮೆಯಲ್ಲ. ಮದ್ದೂರು ತಾಲೂಕಿನ ಆತಕೂರಿನ ಶಾಸನ ಕ್ರಿ. ಶ. 950ರ ಸುಮಾರಿನದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಮೆಚ್ಚಿ ಬೇಡೆಂದಾಗ ಗಂಗ ಬೂತುಗನ ಸೇವಕ ಮಣಲೇರ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ವೀರಗಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಈ ಎರಡು ಪರಂಪರೆಗಳಿಗೆ ಒಂದು ದಾರದಿಂದಲೇ ವಿರೋಧ ಹುಟ್ಟಿದೆ. ಹಿಂದಿನ ಮಾಂಜಾ ಹತ್ತಿಯ ನೂಲಿಗೆ ಅನ್ನದ ಗಂಜಿ, ಗಾಜಿನ ಪುಡಿ ಬಳಿದದ್ದು. ಅದೂ ನಿರಪಾಯವಲ್ಲ, ಆದರೆ ಜೋರಾಗಿ ಎಳೆದರೆ ಹರಿಯುತ್ತಿತ್ತು, ಮಳೆಗೆ ಕೊಳೆಯುತ್ತಿತ್ತು. ಆಮೇಲೆ ಬಂದ ನೈಲಾನ್ ದಾರ ಹರಿಯದು, ಕೊಳೆಯದು. ಹಬ್ಬ ಮುಗಿದು ತಿಂಗಳಾದರೂ ಮರದಲ್ಲಿ, ತಂತಿಯಲ್ಲಿ ಕಣ್ಣಿಗೆ ಕಾಣದ ಕತ್ತಿಯಂತೆ ತೂಗುತ್ತಿರುತ್ತದೆ. ಒಂದೇ ಬಲ ಕೂದಲೆಳೆಯಷ್ಟು ಜಾಗದ ಮೇಲೆ ಬಿದ್ದರೆ ಒತ್ತಡ ಎಷ್ಟು ಪಟ್ಟು ಹೆಚ್ಚುವುದೆಂದು ವಿಜ್ಞಾನ ಓದುವ ಯಾವ ಮಗುವಾದರೂ ಹೇಳೀತು. ಪಾರಿವಾಳ, ಹದ್ದು, ಗೂಬೆಗಳ ರೆಕ್ಕೆಯ ನರ, ಎಲುಬುಗಳೇ ತುಂಡಾಗುತ್ತವೆ. ರೆಕ್ಕೆ ಹೋದ ಹಕ್ಕಿ ಬದುಕಿದರೂ ಮತ್ತೆ ಹಾರುವಂತಿಲ್ಲ.

ಮನುಷ್ಯರೂ ಪಾರಾಗಲಿಲ್ಲ. 2017ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ನೈಲಾನ್ ಮಾಂಜಾದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ನಿಷೇಧಿಸಿತು. ಹಾಗಿದ್ದೂ 2023ರ ಡಿಸೆಂಬರಿನಲ್ಲಿ ವಕೋಲಾ ಸೇತುವೆಯ ಮೇಲೆ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟಿದ್ದ ಪೊಲೀಸ್ ಪೇದೆಯೊಬ್ಬರು ಮಾಂಜಾ ಕೊರಳಿಗೆ ಸುತ್ತಿ ಪ್ರಾಣ ಬಿಟ್ಟರು. ಕಾಯಿದೆ ಅಂಗಡಿಯವರೆಗೆ ಬರಬಲ್ಲದು. ದಾರ ಕೊಳ್ಳುವ ಕೈ ನಮ್ಮದು.

ಹಾಗೆಂದು ಮಕ್ಕಳ ಕೈಯಿಂದ ಪಟ ಕಸಿದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಚೌಕಟ್ಟಿನ ಮನೆಗಳಲ್ಲಿ ಬೆಳೆಯುವ ಅವರಿಗೆ ವರ್ಷಕ್ಕೊಮ್ಮೆಯಾದರೂ ತಲೆಯೆತ್ತಿ ಆಕಾಶ ನೋಡುವ ಸಂತೋಷ ಬೇಕು. ಗಾಜು ಬಳಿಯದ ಸಾದಾ ಹತ್ತಿಯ ದಾರ ಕೊಡಿಸೋಣ; ಕತ್ತರಿಸುವ ಪಂದ್ಯಕ್ಕಿಂತ ಎತ್ತರಕ್ಕೇರಿಸುವ ಪಂದ್ಯ ನಡೆಸೋಣ. ಹಕ್ಕಿಗಳು ಗೂಡು ಬಿಡುವ ಮುಂಜಾನೆ, ಗೂಡು ಸೇರುವ ಸಂಜೆ ಪಟ ಇಳಿಸೋಣ. ಸಿಕ್ಕಿಕೊಂಡ ಹಕ್ಕಿ ಕಂಡರೆ ದಾರ ಎಳೆಯದೆ ಎರಡೂ ಕಡೆ ಕತ್ತರಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ ಇರಿಸಿ, ಬಲವಂತದಿಂದ ನೀರು ಕುಡಿಸದೆ ಪಶುವೈದ್ಯರ ಬಳಿ ಒಯ್ಯಬೇಕು. ಪರೇಲಿನ ಆಸ್ಪತ್ರೆ ಇರುವುದೇ ಇದಕ್ಕೆ. ಎತ್ತರದ ಮರದಲ್ಲಿ ತೂಗಾಡುತ್ತಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

ಕೊನೆಯದಾಗಿ ಒಂದು ಸೂಚನೆ. ಹಬ್ಬದ ಮರುದಿನ ನಮ್ಮ ನಮ್ಮ ಕಟ್ಟಡಗಳ ತಾರಸಿ, ಅಂಗಳ, ಗಿಡಮರಗಳಲ್ಲಿ ಉಳಿದ ದಾರವನ್ನು ಮಕ್ಕಳೊಡನೆ ಕೂಡಿ ಆರಿಸಿ ತೆಗೆಯೋಣ. ಕಿಚ್ಚು ಹಾಯಿಸಲು ಎತ್ತು ಇಲ್ಲದ ಊರಿನಲ್ಲಿ ಸಂಕ್ರಾಂತಿಯಂದು ಪ್ರಾಣಿಗಳಿಗೆ ಸಲ್ಲಬೇಕಾದ ಮರ್ಯಾದೆಯನ್ನು ಹೀಗಾದರೂ ಸಲ್ಲಿಸಿದಂತಾಗುತ್ತದೆ.