ನೂರು ತುಂಬದ ಕಟ್ಟಡಕ್ಕೆ ಕಾವಲು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಪಾರಂಪರಿಕ ಕಟ್ಟಡ ಅಂದಕೂಡಲೇ ಕಣ್ಣಮುಂದೆ ಬರೋದು ವಿಜಯಪುರದ ಗೋಳಗುಮ್ಮಟ. ಕಾನೂನಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. 1958ರ ಕೇಂದ್ರ ಸ್ಮಾರಕ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ಕನಿಷ್ಠ 100 ವರ್ಷ ಕೇಳುತ್ತವೆ. ಬೆಂಗಳೂರಿನ ಐಐಎಂ ಕಟ್ಟಡಗಳನ್ನೇ ನೋಡಿ. ಬಿ.ವಿ. ದೋಶಿ ವಿನ್ಯಾಸ, ಒರಟು ಗ್ರಾನೈಟ್ ಗೋಡೆ, ನೆರಳು-ಬೆಳಕು ಆಡುವ ಉದ್ದನೆಯ ಓಣಿಗಳು. ಅಲಂಕಾರ ಬಿಟ್ಟು ಕಲ್ಲು, ಇಟ್ಟಿಗೆ, ಕಾಂಕ್ರೀಟನ್ನು ಇದ್ದಹಾಗೇ ತೋರಿಸೋದು ಆಧುನಿಕ ವಾಸ್ತುಶಿಲ್ಪದ ಗುಣ. ಈ ಕಟ್ಟಡಗಳಿಗೆ ನೂರು ತುಂಬೋದು 2080ರ ದಶಕದಲ್ಲಿ!

ಅಲ್ಲಿಯವರೆಗೆ ಏನಾಗಬಹುದು ಅನ್ನೋದಕ್ಕೆ ಅಹಮದಾಬಾದ್ ಐಐಎಂ ಉದಾಹರಣೆ. ಅದು ಅಮೆರಿಕದ ಲೂಯಿ ಕಾನ್ ವಿನ್ಯಾಸ. ಇಟ್ಟಿಗೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗೋಡೆ ಬಿರುಕುಬಿಟ್ಟವು, 2001ರ ಭೂಕಂಪವೂ ಪೆಟ್ಟು ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ 18 ಹಾಸ್ಟೆಲ್‌ಗಳಲ್ಲಿ 14 ಕೆಡವಲು ಸಂಸ್ಥೆ ಹೊರಟಿತು. ಜಗತ್ತಿನಾದ್ಯಂತ ವಿರೋಧ ಬಂತು, 2021ರ ಜನವರಿ 1ಕ್ಕೆ ಹಿಂದೆ ಸರಿಯಿತು. 2022ರಲ್ಲಿ ಮತ್ತೆ, ದುರಸ್ತಿ ಸಾಲದು, ಹೊಸದಾಗಿ ಕಟ್ಟುತ್ತೇವೆ ಅಂದಿತು. ಆದರೆ ಅದೇ ಕ್ಯಾಂಪಸ್‌ನ, ಅದೇ ಕಾನ್ ವಿನ್ಯಾಸದ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ಬೃಂದಾ ಸೋಮಯ್ಯ ಅವರ ಸಂಸ್ಥೆ ದುರಸ್ತಿ ಮಾಡಿತು, 2019ರಲ್ಲಿ ಯುನೆಸ್ಕೋ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂತು. ವಿದ್ಯಾರ್ಥಿಗಳ ಸುರಕ್ಷತೆ ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಗ್ರಂಥಾಲಯಕ್ಕೆ ಆದದ್ದು ಹಾಸ್ಟೆಲ್‌ಗೆ ಯಾಕೆ ಆಗಲ್ಲ ಅನ್ನೋದಕ್ಕೆ ತಾಂತ್ರಿಕ ಉತ್ತರ ಬೇಕು, ಬರೀ 'ಶಿಥಿಲ' ಅಂದರೆ ಸಾಲದು.

ವಿಸ್ತರಣೆ ಇನ್ನೊಂದು ತಲೆನೋವು. ಅಹಮದಾಬಾದ್‌ನಲ್ಲಿ ಹೊಸ ಕ್ಯಾಂಪಸ್ಸನ್ನು ರಸ್ತೆಯಾಚೆ ಕಾಂಕ್ರೀಟಿನಲ್ಲಿ ಕಟ್ಟಿ, ಹಳೆಯದಕ್ಕೆ ಸುರಂಗದಾರಿ ಜೋಡಿಸಿದರು. ಇಟ್ಟಿಗೆಯ ನಕಲು ಮಾಡಲಿಲ್ಲ. ನಮ್ಮ ವಿಧಾನಸೌಧ ಆಧುನಿಕ ಶೈಲಿಯದ್ದಲ್ಲ, ಆದರೂ ಪಕ್ಕದ ವಿಕಾಸಸೌಧ ನೋಡಿ: ಅಣ್ಣನ ಅಂಗಿ ತೊಟ್ಟು ನಿಂತ ತಮ್ಮನ ಹಾಗಿದೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆಗೆ ನೂರು ವರ್ಷದ ಗಡಿ ಇಲ್ಲ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ, ಸಂಸ್ಕೃತಿಯ ಮೌಲ್ಯ ನೋಡಿ ಯೋಜನಾ ಪ್ರಾಧಿಕಾರವೇ ಘೋಷಿಸಬಹುದು. ನಿಮ್ಮೂರಿನ ಹಳೇ ಸರ್ಕಾರಿ ಕಟ್ಟಡ ಕೆಡವೋ ಮಾತು ಬಂದರೆ, ಟೆಂಡರ್‌ಗೆ ಮುಂಚೆಯೇ ಅದರ ಸಾಮರ್ಥ್ಯ ಪರೀಕ್ಷೆಯ ವರದಿ, ದುರಸ್ತಿಯ ಅಂದಾಜು ಪಟ್ಟಿ ಎರಡನ್ನೂ ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.